ಅಜೈಬಾದಲ್ಲಿ ಗುಡ್ಡದ ಕಾಲೇಜಿನ ಮಾನ

ಕಾಲೇಜು ಮುಗಿಸಿ ಮಸ್ಕತ್ತಿಗೆ ಬಂದರೆ ಊರಿನದ್ದೆಲ್ಲ ಊರಲ್ಲೇ ಉಳಿಯುತ್ತದೆ ಅಂತಾರೆ. ಸುಳ್ಳು. ಏರ್‌ಪೋರ್ಟಿನಲ್ಲಿ ಅಮ್ಮನ ಉಪ್ಪಿನಕಾಯಿ ಹಿಡಿದಾರು, ಕಾಲೇಜಿನ ಜಗಳ ಹಿಡಿಯುವ ಕಸ್ಟಮ್ಸಿನವ ಇನ್ನೂ ಹುಟ್ಟಿಲ್ಲ. ನಮ್ಮದು ಗುಡ್ಡದ ಕಾಲೇಜು, ಅವರದ್ದು ಕಡಲ ಬದಿಯದ್ದು. ಎರಡೂ ಹತ್ತೊಂಬತ್ತನೇ ಶತಮಾನದ ಕೊನೆಗೆ ಹುಟ್ಟಿದವು, ಕ್ರಿಕೆಟ್ಟಿನ ಹಗೆಯೂ ಅವುಗಳ ಜೊತೆಗೇ ಹುಟ್ಟಿತು. ಈಗ ವರ್ಷಕ್ಕೊಮ್ಮೆ ಮಸ್ಕತ್ತಿನ ಅಲ್ ಅಜೈಬಾದಲ್ಲಿ ಹಳೆ ವಿದ್ಯಾರ್ಥಿಗಳ ಮ್ಯಾಚು ಉಂಟು.

ಈ ಸಲ ನಮ್ಮ ಕ್ಯಾಪ್ಟನ್ ನಾನು. ಹಳ್ಳಿಯ ಟೂರ್ನಮೆಂಟಿನಲ್ಲಿ ನಾನು ಹೊಡೆದ ಬಾಲುಗಳನ್ನು ಇನ್ನೂ ತೋಡಿನಲ್ಲಿ ಹುಡುಕುತ್ತಿದ್ದಾರೆ ಅಂತ ಸಭೆಯಲ್ಲಿ ಹೇಳಿದೆ, ಅಷ್ಟೇ ಸಾಕಾಯಿತು. ಸಂಘದ ಅಧ್ಯಕ್ಷರು ಮಾತ್ರ ಒಂದು ಷರತ್ತು ಹಾಕಿದರು: ಮೂರು ವರ್ಷದಿಂದ ಸೋತಿದ್ದೇವೆ, ಈ ಸಲವೂ ಸೋತರೆ ಮುಂದಿನ ವರ್ಷ ನೀನು ಬ್ಯಾಟು ಮುಟ್ಟುವುದಿಲ್ಲ, ಊಟಕ್ಕೆ ಸಾರು ಬಡಿಸುತ್ತಿ.

ಮೊಟ್ಟಮೊದಲು ಗೆದ್ದವರು

ಆ ಕಾಲದ ಮೊದಲ ಮ್ಯಾಚನ್ನು ಗೆದ್ದದ್ದು ನಾವು ಅಂತ ನಾವು, ಅವರು ಅಂತ ಅವರು. ಸ್ಮರಣ ಸಂಚಿಕೆಗೆ ಅದರ ಚರಿತ್ರೆ ಬರೆಯುವ ಕೆಲಸವೂ ನನಗೇ ಬಂತು. ಕಡಲ ಬದಿಯವರ ವಿಕೆಟ್ ಕೀಪರ್ ಒಬ್ಬರು ಕೊಂಕಣಿ ಅಂಕಲ್. ಅವರ ಮುತ್ತಜ್ಜ ಆ ಮ್ಯಾಚಿನಲ್ಲಿ ಆಡಿದವರಂತೆ. ಹೋಗಿ ಕೇಳಿದೆ.

"ಎರಡು ಕಾಲೇಜಿಗೂ ಸೇರಿ ಇದ್ದದ್ದು ಒಂದೇ ಬ್ಯಾಟು ಮಗಾ," ಅಂದರು. "ಅದು ಪಾದ್ರಿಗಳದ್ದು. ಅವರು ಮೊದಲನೇ ಬಾಲಿಗೇ ಔಟಾದರು. ಬ್ಯಾಟು ಹಿಡಿದುಕೊಂಡು ಮನೆಗೆ ಹೋದರು."

ಆ ಪಂದ್ಯದಲ್ಲಿ ನಾವು ಅಜೇಯರಾಗಿ ಉಳಿದೆವು ಅಂತ ಬರೆದೆ. ಸಂಚಿಕೆ ಬಂದಾಗ ನೋಡಿದರೆ ಅವರೂ ಅದನ್ನೇ ಬರೆದಿದ್ದರು.

ಅಜ್ಜಂದಿರ ರುಮಾಲು

ಹಳೆಯ ಫೋಟೋದಲ್ಲಿ ನಮ್ಮ ಮೊದಲ ಟೀಮಿನವರೆಲ್ಲ ಕೋಟು, ಕಚ್ಚೆ, ರುಮಾಲಿನಲ್ಲಿ ನಿಂತಿದ್ದಾರೆ. ಟಾಸಿಗೆ ಅದೇ ವೇಷದಲ್ಲಿ ಹೋಗಿ ಅವರ ಎದೆ ನಡುಗಿಸಬೇಕು ಅನ್ನುವುದು ನನ್ನ ಉಪಾಯ. ಊರಿನ ರುಮಾಲು ಇಲ್ಲಿ ಎಲ್ಲಿಂದ ಬರಬೇಕು? ವಾದಿ ಅದಾಯ್‌ನಲ್ಲಿ ಅಂಗಡಿ ಇರುವ ಬ್ಯಾರಿ ದೋಸ್ತ್, ನಮ್ಮ ಓಪನರ್, ಒಮಾನಿಗಳು ತಲೆಗೆ ಸುತ್ತುವ ಮಸ್ಸರ್ ಹನ್ನೊಂದು ತಂದ. ಮೈದಾನ ನೋಡಿಕೊಳ್ಳುವ ಒಮಾನಿ ಅದನ್ನು ಸುತ್ತಿ ನಿಂತ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಮದುಮಗ ಯಾರು ಅಂತ ಕೇಳಿದ. ದೋಸ್ತ್ ನನ್ನನ್ನು ತೋರಿಸಿದ. ಒಮಾನಿ ನನ್ನ ಕೈ ಕುಲುಕಿ, ಹೆಣ್ಣಿನ ಕಡೆಯವರು ಎಲ್ಲಿ ಅಂದ.

ನಾನು ಕಡಲ ಬದಿಯ ಟೀಮನ್ನು ತೋರಿಸಿದೆ.

ಕೊನೆಯ ಬಾಲು

ಕೊನೆಗೆ ಮ್ಯಾಚು ಬಂದು ನಿಂತದ್ದು ಒಂದು ಬಾಲಿಗೆ ಮೂರು ರನ್ ಬೇಕು ಅನ್ನುವಲ್ಲಿ. ಬ್ಯಾಟು ನನ್ನ ಕೈಯಲ್ಲಿ. ಎದುರು ತುದಿಯಲ್ಲಿ ನಮ್ಮವನೇ ಒಬ್ಬ, ಇಲ್ಲಿಂದ ಎರಡು ಗಂಟೆ ದೂರದ ಸೊಹಾರಿನ ಫ್ಯಾಕ್ಟರಿಯಲ್ಲಿ ಟೆಕ್ನಿಷಿಯನ್. ಅವರ ಟೀಮಿನಲ್ಲೂ ವಿಕೆಟ್ ಕೀಪರ್ ಅಂಕಲ್ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಸೊಹಾರಿನವರೇ. ಎಲ್ಲರೂ ಒಂದೇ ಕಂಪನಿ ಬಸ್ಸಿನಲ್ಲಿ ಬಂದವರು. ಆರು ಗಂಟೆಗೆ ಅದು ಹೊರಟಿತೆಂದರೆ ಹೊರಟಿತು, ಡ್ರೈವರ್ ಯಾರಿಗೂ ಕಾಯುವ ಜನ ಅಲ್ಲ.

ಹೊಡೆದೆ. ಬಾಲು ಜಲ್ಲಿಯ ಮೇಲೆ ಹಾರಿ ಗೋಡೆಯ ಕಡೆಗೆ ಹೋಯಿತು. ಒಂದು ರನ್ ಓಡಿದೆವು, ಎರಡನೆಯದಕ್ಕೆ ತಿರುಗಿದೆವು. ಅಷ್ಟರಲ್ಲಿ ಮೈದಾನದಲ್ಲಿ ನಮ್ಮ ಹೊತ್ತು ಮುಗಿಯಿತು ಅಂತ ಆ ಒಮಾನಿ ಚಪ್ಪಾಳೆ ತಟ್ಟಿ "ಬಸ್, ಬಸ್" ಅಂತ ಕೂಗಿದ. ಅವನ ಭಾಷೆಯಲ್ಲಿ ಬಸ್ ಅಂದರೆ ಸಾಕು. ಅದು ಎಲ್ಲರಿಗೂ ಗೊತ್ತು. ಆದರೆ ಆರು ಗಂಟೆಗೆ ಐದು ನಿಮಿಷ ಇರುವಾಗ ಸೊಹಾರಿನವನಿಗೆ ಗೊತ್ತಿರುವುದು ಒಂದೇ ಬಸ್ಸು.

ಗೋಡೆಯ ಹತ್ತಿರ ಬಾಲು ಹೆಕ್ಕಿದ್ದವ ಅದನ್ನು ಅಲ್ಲೇ ಬಿಟ್ಟು ಗೇಟಿಗೆ ಓಡಿದ. ಅವನ ಹಿಂದೆ ಉಳಿದವರು. ಇನ್ನು ಗೆದ್ದೆವು ಅಂದುಕೊಂಡು ನೋಡುತ್ತೇನೆ, ಪಿಚ್ಚಿನ ಅರ್ಧಕ್ಕೆ ಬಂದಿದ್ದ ನಮ್ಮ ಟೆಕ್ನಿಷಿಯನ್ನೂ ಬ್ಯಾಟು ಸಮೇತ ಅವರ ಹಿಂದೆಯೇ. ಸ್ವಂತ ಕಾರಿನಲ್ಲಿ ಬಂದಿದ್ದ ಅಂಕಲ್‌ಗೆ ಮಾತ್ರ ಅವಸರವೇ ಇಲ್ಲ. ನಿಧಾನಕ್ಕೆ ನಡೆದು ಹೋಗಿ ಬಾಲು ಹೆಕ್ಕಿ ತಂದು ಆಚೆ ತುದಿಯ ವಿಕೆಟ್ ಬೀಳಿಸಿದರು. ಒಂದು ರನ್ನಿನಿಂದ ಸೋತೆವು. ಸಾರು ಬಡಿಸುವವರ ಪಟ್ಟಿಗೆ ಅಧ್ಯಕ್ಷರು ಅಲ್ಲೇ ನನ್ನ ಹೆಸರು ಬರೆದುಕೊಂಡರು.

ದೋಸ್ತ್ ಆ ಕೊನೆಯ ಬಾಲಿನ ವಿಡಿಯೋ ಮಾಡಿ ನಮ್ಮೂರಿಗೂ ಕಳಿಸಿದ್ದ. ಮರುದಿನ ಮಾವನ ಫೋನು ಬಂತು. ಬೈಗುಳಕ್ಕೆ ತಯಾರಾಗಿಯೇ ಎತ್ತಿದೆ. ವಿಡಿಯೋದಲ್ಲಿ ಅವರು ಕಂಡದ್ದು ಇಷ್ಟು: ನಾನು ಹೊಡೆದದ್ದು, ಎದುರು ಟೀಮು ಗೇಟು ದಾಟಿ ಓಡಿದ್ದು.

"ಆಟ ಅಂದ ಮೇಲೆ ಆಟದ ಹಾಗೆ ಆಡಬೇಕು ಮಾರಾಯ," ಅಂದರು ಮಾವ. "ಪರದೇಶದಲ್ಲಿ ಜನರನ್ನು ಹಾಗೆಲ್ಲ ಹೆದರಿಸಬಾರದು."

ಇನ್ನು ಮೇಲೆ ಸ್ವಲ್ಪ ಮೆಲ್ಲಗೆ ಹೊಡೆಯುತ್ತೇನೆ ಅಂತ ಮಾತು ಕೊಟ್ಟೆ.