ಮಾವನವರ ಕೋಣೆಯಲ್ಲಿ ವ್ಯಾಕ್ಯೂಮ್ ಕ್ಲೀನರ್

ಧೂಳಿನ ಮೇಲೆ ನಾನು ಯುದ್ಧ ಸಾರಿದ್ದು ಊಟದ ತಟ್ಟೆಯ ಮುಂದೆ. ಗಂಗಾವತಿಯಲ್ಲಿ ರೈಸ್ ಮಿಲ್ಲುಗಳ ಮಗ್ಗುಲಿಗೆ ಮನೆ ಮಾಡಿದವರಿಗೆ ಧೂಳೆಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಒರೆಸಿದ ಟಿ.ವಿ.ಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಹೊಟ್ಟಿನ ಬೂದಿ ಬಂದು ಕೂತಿರುತ್ತದೆ. ಸಂಜೆ ಅದರ ಮೇಲೆ ಬೆರಳಾಡಿಸಿ ಮಕ್ಕಳಿಗೆ ಬೀಜಗಣಿತ ಕಲಿಸಬಹುದು. ಅವತ್ತು ಆ ಬೂದಿ ನನ್ನ ಮೊಸರನ್ನದ ಮೇಲೂ ಇಳಿಯಿತು. ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ.

"ಇನ್ನ ಈ ಮನಿಯಾಗ ಧೂಳರ ಇರಬೇಕು, ಇಲ್ಲಾ ನಾನರ ಇರಬೇಕು!"

ನನ್ನ ಹೆಂಡತಿ ಅನುಸೂಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾರ ಹೋಗೋರದೀರಿ ಅನ್ನೂದು ಮೊದಲ ಹೇಳ್ರಿ. ನಾಳಿಗೆ ಹಿಟ್ಟ ನೋಡಿ ಕಲಸಬೇಕು" ಅಂದಳು.

ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಗಾಳಿಯ ಒತ್ತಡ, ನಿರ್ವಾತ, ಇವೆಲ್ಲ ನನ್ನ ಅಂಗೈಯ ಮೇಲಿನ ವಿಷಯಗಳು. ಅಂಥವನು ಒಂದು ವ್ಯಾಕ್ಯೂಮ್ ಕ್ಲೀನರ್ ಆರಿಸಲಾರೆನೆ? ಅದೂ ಸಾದಾ ಅಲ್ಲ, ವೈರಿಲ್ಲದ್ದು. ಹೆಗಲ ಮೇಲೆ ಬಂದೂಕಿನಂತೆ ಹೊತ್ತು ಕೋಣೆಯಿಂದ ಕೋಣೆಗೆ ದಂಡೆತ್ತಿ ಹೋಗುವಂಥದ್ದು. ಇಡೀ ಜಿಲ್ಲೆಯಲ್ಲಿ ಯಾರೂ ಆರಿಸದಂಥ ಮಷೀನು ಆರಿಸಿ ತರುತ್ತೇನೆ ಎಂದು ಸ್ಟಾಫ್ ರೂಮಿನಲ್ಲೂ ಸಾರಿದೆ.

ಆಮೇಲೆ ಆರಿಸಿದೆ. ಆರಿಸುತ್ತಲೇ ಇದ್ದೆ. ಮೊಬೈಲಿನಲ್ಲಿ ಸಿಕ್ಕ ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿ, ಭಾಷೆ ಬಾರದ ದೇಶಗಳ ವಿಡಿಯೋಗಳಿಗೂ ಕೈ ಹಾಕಿದೆ. ನಜೀಬನ ಅಂಗಡಿಗೆ ಹೊಟ್ಟು, ಕೂದಲು, ರವೆ ಎಲ್ಲ ಪೊಟ್ಟಣ ಕಟ್ಟಿಕೊಂಡು ಹೋಗಿ ಅವನ ನೆಲದ ಮೇಲೆ ಸುರಿದು ಮಷೀನುಗಳ ಪರೀಕ್ಷೆ ಮಾಡಿದೆ. ನಜೀಬ ಒಳ್ಳೆಯವನು, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ ಬೇರೆ. ಬಂದೂಕಿನ ಕುದುರೆಯಂಥ ಗುಂಡಿಯನ್ನು ಒತ್ತಿ ಹಿಡಿದರೆ ಓಡುವ, ಬೆರಳು ಬಿಟ್ಟರೆ ನಿಲ್ಲುವ ಒಂದು ಮಷೀನು ತೋರಿಸಿ, ಮನೆಗೆ ಇದೇ ಸುರಕ್ಷಿತ ಎಂದ. ಬೆರಳು ನೋಯುತ್ತದೆ ಎಂದು ನಾನು ಅದನ್ನು ತಿರಸ್ಕರಿಸಿದೆ. ನನಗೆ ಬೇಕಾದದ್ದು ಒಮ್ಮೆ ಗುಂಡಿ ಒತ್ತಿದರೆ ತಾನೇ ಓಡುತ್ತಿರುವಂಥದ್ದು. ಬಾಯಲ್ಲಿ ಬ್ರಶ್ಶು ಗರಗರ ತಿರುಗಿ, ಹಿಡಿದವನನ್ನೇ ಮುಂದಕ್ಕೆ ಎಳೆದುಕೊಂಡು ಹೋಗುವಂಥದ್ದು!

"ನನ್ನ ನೋಡಾಕ ಬಂದಾಗ ಚಾ ಆರೋದ್ರಾಗ ಹ್ಞೂಂ ಅಂದಿದ್ರಿ" ಎಂದು ಅನುಸೂಯಾ ನೆನಪಿಸಿದಳು.

ಈ ಆಯ್ಕೆಯ ಅವಸರ ನಿಜವಾಗಿ ಇದ್ದದ್ದು ನನ್ನ ಮಾವ ಗ್ಯಾನಪ್ಪನವರಿಗೆ. ಅನುಸೂಯಾ ಒಬ್ಬಳೇ ಮಗಳಾದ್ದರಿಂದ ಯಲಬುರ್ಗಾ ಕಡೆಯ ಮಂಗಳೂರಿನಿಂದ ಮಾವ, ಅತ್ತೆ ಇಬ್ಬರೂ ನಮ್ಮಲ್ಲಿಗೇ ಬಂದಿದ್ದರು. ಮಾವನವರಿಗೆ ದಮ್ಮು. ಉಸಿರನ್ನು ಹೂಂ ಎಂದು ಉದ್ದಕ್ಕೆ ಎಳೆದು, ನಡುವೆ ಗಕ್ಕನೆ ತಡೆದು, ಕೊನೆಗೆ ಸಣ್ಣ ಸೀಟಿಯೊಡನೆ ಬಿಡುತ್ತಿದ್ದರು. ಹಗಲು ಹೊತ್ತು ಅದು ನಮ್ಮ ಮನೆಯ ಗಡಿಯಾರ. ನನ್ನ ಬಗ್ಗೆ ಅವರಿಗೆ ಅಷ್ಟೇನೂ ದೊಡ್ಡ ಅಭಿಪ್ರಾಯವಿರಲಿಲ್ಲ. ನಾನು ವಿಡಿಯೋ ನೋಡುವಾಗ ಮಂಚದ ಮೇಲಿಂದಲೇ ಇಣುಕಿ, "ಮಾಸ್ತರ ಮಷೀನ ತರೋದ್ರಾಗ ನಾನ ಧೂಳ ಆಗಿರ್ತೀನಿ" ಎಂದಿದ್ದರು.

ಹಾಗೇ ಆಯಿತು. ನಾನು ಎರಡು ಮಷೀನುಗಳ ನಡುವೆ ತೂಗುತ್ತಿದ್ದ ವಾರ ಮಾವನವರು ಹೋಗಿಬಿಟ್ಟರು. ಅವರಿಗೆ ವಯಸ್ಸಾಗಿತ್ತು, ಎದೆಯೂ ಸೋತಿತ್ತು. ಧೂಳಿನ ಮೇಲೆ ಆರೋಪ ಹೊರಿಸುವಂತಿರಲಿಲ್ಲ. ಆದರೆ ಹೋದ ರೀತಿ ಅತ್ತೆ ಪಾರ್ವತೆಮ್ಮನವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅವತ್ತು ಮಧ್ಯಾಹ್ನ ಮಾವನವರು ಸಕ್ಕರೆ ಹಾಕಿದ ಚಹಾ ಕೇಳಿದ್ದರು. ಡಾಕ್ಟರು ಬೇಡವೆಂದಿದ್ದರಿಂದ ಅತ್ತೆ ಸಪ್ಪೆ ಚಹಾ ಕೊಟ್ಟರು. ಮಾವ ಒಂದು ಗುಟುಕು ಕುಡಿದು, ಬಟ್ಟಲು ಸರಿಸಿ, ಗೋಡೆ ಕಡೆ ಮುಖ ತಿರುಗಿಸಿದರು. ಸಂಜೆಯ ತನಕ ಮಾತಾಡಲಿಲ್ಲ. ಸಂಜೆಯ ಮೇಲೆ ಮಾತಾಡಲು ಅವರೇ ಇರಲಿಲ್ಲ. ಅಂದಿನಿಂದ ಅತ್ತೆ ಊಟದ ಮುಂದೆ ಕೂತು ಉಣ್ಣದೆ ಎದ್ದುಹೋಗುತ್ತಿದ್ದರು.

ಮನೆ ತುಂಬ ಮಂಗಳೂರಿನ ಬೀಗರು. ಅಂಥ ಹೊತ್ತಿನಲ್ಲಿ, ನಾನು ತೂಗುತ್ತಿದ್ದ ಎರಡರಲ್ಲಿ ಒಂದು ಬಂತೆಂದು ನಜೀಬ ಮಷೀನನ್ನು ಆಟೋದಲ್ಲಿ ಕಳಿಸಿಬಿಟ್ಟ! ದುಃಖದ ಮನೆಯಲ್ಲಿ ಡಬ್ಬಿ ಬಿಚ್ಚಬಾರದೆಂದು ನನಗೂ ಗೊತ್ತು. ಆದರೆ ಕೈ ಕೇಳಬೇಕಲ್ಲ. ತೂಗುಹಾಕಿ ಚಾರ್ಜ್ ಮಾಡಲು ಸರಿಯಾದ ಎತ್ತರದಲ್ಲಿ ಪ್ಲಗ್ ಇದ್ದದ್ದು ಮಾವನವರ ಕೋಣೆಯಲ್ಲಿ ಮಾತ್ರ. ಡ್ರಿಲ್ ತರಲು ಯಾರು ಹೋಗುತ್ತಾರೆ ಎಂದು ಹಳೆಯ ಗೋಡೆಗೆ ಸುತ್ತಿಗೆಯಿಂದಲೇ ಸ್ಕ್ರೂ ಬಡಿದು, ಮಷೀನನ್ನು ನೇತುಹಾಕಿದೆ. ಅದರ ಕೆಂಪು ದೀಪ ಕಣ್ಣು ಮಿಟುಕಿಸಿತು.

ಆ ಸಂಜೆಯೇ ಆ ಕೋಣೆಯಲ್ಲಿ ಹಿಟ್ಟು ಹರಡುವುದೆಂದು ನನಗೆ ತಿಳಿದದ್ದು ಆಮೇಲೆ. ಮರಳಿ ಊರಿನ ನಮ್ಮ ಮನೆತನದಲ್ಲಿ ಈ ಪದ್ಧತಿ ಇಲ್ಲ. ಅತ್ತೆಯ ತವರಿನವರು ಮಾತ್ರ ತಪ್ಪದೆ ಮಾಡುತ್ತಾರೆ. ಉಸಿರು ಹೋದ ಕೋಣೆಯ ನೆಲದ ಮೇಲೆ ಜೋಳದ ಹಿಟ್ಟನ್ನು ಸಾಣಿಸಿ ತೆಳ್ಳಗೆ ಹರಡುತ್ತಾರೆ. ಹೋದವರಿಗೆ ಇಷ್ಟವಾದದ್ದನ್ನು ನಡುವೆ ಇಟ್ಟು, ದೀಪ ಹಚ್ಚುವ ಹೊತ್ತಿಗೆ ಬಾಗಿಲು ಎಳೆದುಕೊಂಡು, ಬೆಳಿಗ್ಗೆ ತೆರೆಯುತ್ತಾರೆ. ಹೋದವರು ಒಮ್ಮೆ ಬಂದು ಮನೆ ನೋಡಿಹೋಗುತ್ತಾರಂತೆ. ಹಿಟ್ಟಿನ ಮೇಲೆ ಗುರುತು ಮೂಡಿರುತ್ತದಂತೆ. ಅದನ್ನು ಓದುವವರು ಅತ್ತೆಯ ಅಣ್ಣ ತಿಮ್ಮಣ್ಣನವರು.

ಅತ್ತೆ ತಾವೇ ಹಿಟ್ಟು ಸಾಣಿಸಿದರು, ತಾವೇ ಚಹಾ ಕಾಸಿದರು, ಸಕ್ಕರೆಯನ್ನು ಹಿಡಿ ತುಂಬ ಹಾಕಿದರು. ಬಟ್ಟಲು ಇಟ್ಟು ಬಂದು ಮಗಳಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

"ಸಿಟ್ಟಿನ್ಯಾಗ ಹೋಗಿದ್ರ ಚಾದ ಕಡೆ ಬರಂಗಿಲ್ಲವ್ವಾ. ಅದೊಂದು ಗೊತ್ತಾದ್ರ ನನಗ ಸಾಕು."

ಮಷೀನನ್ನು ಹೊರಗೆ ತೆಗೆಯಿರಿ ಎಂದು ತಿಮ್ಮಣ್ಣನವರು ಹೇಳಿದರು. ನಾನು ಅಲ್ಲೇ ಪಾಠ ಶುರು ಮಾಡಿದೆ. ಬ್ಯಾಟರಿಯ ಮೊದಲ ಚಾರ್ಜನ್ನು ನಡುವೆ ತಪ್ಪಿಸಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ, ಗೋಡೆಯ ಮೇಲಿನ ಮಷೀನು ಯಾರ ತಂಟೆಗೂ ಹೋಗುವುದಿಲ್ಲ, ಇಲಿ ಓಡಾಡಿದರೂ ಗುರುತು ಮೂಡುತ್ತದೆ, ಹೀಗೆ. ತಿಮ್ಮಣ್ಣನವರು ಸುಮ್ಮನಾದರು. ಮಾಸ್ತರನ ಮಾತು ಮುಗಿಯಲಿ ಎಂದು ಸುಮ್ಮನಾದರೇ ಹೊರತು ಒಪ್ಪಿ ಅಲ್ಲ. ಬಾಗಿಲು ಮುಚ್ಚಿತು. ಅತ್ತೆ ಅದರ ಮುಂದೆಯೇ ಚಾಪೆ ಹಾಸಿಕೊಂಡರು.

ಬೆಳಗಾಗುತ್ತಿತ್ತು. ಮಿಲ್ಲುಗಳು ಇನ್ನೂ ಶುರುವಾಗಿರಲಿಲ್ಲ. ಎದ್ದವರು ಮುಖ ತೊಳೆಯುತ್ತಿದ್ದರು; ನಾನು ಹಿತ್ತಲ ನಲ್ಲಿಯ ಮುಂದೆ ಹಲ್ಲುಜ್ಜುತ್ತಿದ್ದೆ. ಅಷ್ಟರಲ್ಲಿ ಮುಚ್ಚಿದ ಕೋಣೆಯೊಳಗೆ ಏನೋ ದೊಪ್ಪೆಂದಿತು. ನಾನು ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಒಳಗೆ ಓಡಿಬಂದೆ. ಹಿಂದೆಯೇ, ದಪ್ಪ ಬಾಗಿಲಿನ ಆಚೆಯಿಂದ, ಆ ಉಸಿರು.

ಹೂಂ ಎಂದು ಉದ್ದಕ್ಕೆ ಎಳೆಯಿತು. ನಡುವೆ ಗಕ್ಕನೆ ತಡೆಯಿತು. ಮತ್ತೆ ಎಳೆಯಿತು.

ಆ ಉಸಿರು ಬೇರೆ ಯಾರದೋ ಎಂದು ತಿಳಿಯುವ ಪ್ರಶ್ನೆಯೇ ಇರಲಿಲ್ಲ. ಅದನ್ನು ಕೇಳುತ್ತಲೇ ನಾವು ಊಟ ಮಾಡಿದ್ದೆವು, ಜಗಳವಾಡಿದ್ದೆವು, ಟಿ.ವಿ.ಯ ದನಿ ಏರಿಸಿದ್ದೆವು. ಈಗ ಅದು ಕೋಣೆಯೊಳಗೆ ನೆಲದ ಮಟ್ಟದಲ್ಲಿ ಅತ್ತಿಂದಿತ್ತ ಸರಿಯುತ್ತಿತ್ತು. ಮಂಚದ ಕೆಳಗೆ ಹೋಯಿತು. ಅಲ್ಲಿ ಏನನ್ನೋ ಬಾಯಿಗೆ ಸಿಕ್ಕಿಸಿಕೊಂಡಂತೆ ಏದುಸಿರು ಬಿಟ್ಟಿತು. ಬಿಡಿಸಿಕೊಂಡು ಈಚೆಗೆ ಬಂತು. ಬೀಗರ ಪೈಕಿ ಒಬ್ಬರು ಬೀದಿಗೆ ಇಳಿದೇಬಿಟ್ಟರು. ನಾನು ವಿಜ್ಞಾನದ ಮಾಸ್ತರ, ನಿಂತಲ್ಲೇ ಕಾರಣ ಹುಡುಕಿದೆ: ಗಾಳಿ, ಬೆಕ್ಕು, ಪಕ್ಕದ ಮನೆಯ ಮೋಟಾರು. ಹುಡುಕಿ ಮುಗಿದಾಗ ನನ್ನ ಬಾಯಿಯಿಂದ ಬ್ರಶ್ಶು ಬಿದ್ದುಹೋಗಿತ್ತು. ನನ್ನ ಎರಡೂ ಕೈ ತಿಮ್ಮಣ್ಣನವರ ತೋಳನ್ನು ಹಿಡಿದಿದ್ದವು. ನಿಜ ಹೇಳುತ್ತೇನೆ, ನನಗೆ ಅಂಥ ಹೆದರಿಕೆ ಹಿಂದೆಂದೂ ಆಗಿರಲಿಲ್ಲ.

ಹೆದರದೇ ಇದ್ದವರು ಅತ್ತೆ ಒಬ್ಬರೇ. ಚಾಪೆಯ ಮೇಲೆ ಎದ್ದು ಕೂತು, ಬಾಗಿಲಿಗೆ ಕೆನ್ನೆ ಆನಿಸಿದ್ದರು.

"ಡಾಕ್ಟರ ಮಾತ ಕೇಳಿ ಸಕ್ಕರಿ ಹಾಕಲಿಲ್ಲರಿ ನಾ" ಎಂದರು, ಎದುರಿಗೇ ಕೂತವರ ಜೊತೆ ಮಾತಾಡುವಂತೆ. "ಇನ್ನಷ್ಟು ದಿನ ಇರ್ತೀರಿ ಅಂದ್ಕೊಂಡಿದ್ದೆ. ಇವತ್ತ ಹಾಕೇನಿ. ಸಾವಕಾಶ ಕುಡೀರಿ."

ಉಸಿರು ಬಾಗಿಲ ಹತ್ತಿರಕ್ಕೆ ಬಂತು. ಅತ್ತೆಯ ಕೆನ್ನೆಯ ನೇರಕ್ಕೇ ಬಂದು ನಿಂತಿತು. ನಿಧಾನವಾಯಿತು, ತೆಳ್ಳಗಾಯಿತು, ಕೊನೆಗೆ ಸಣ್ಣ ಸೀಟಿಯೊಡನೆ ನಿಂತುಹೋಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ದಿನದಿಂದ ಬಿಗಿದುಕೊಂಡಿದ್ದ ಅವರ ಮುಖ ಸಡಿಲವಾಯಿತು.

ಆ ಸೀಟಿ ನಿಂತ ಕ್ಷಣಕ್ಕೇ ನನಗೆ ಹೊಳೆಯಿತು. ಮಷೀನು! ಗೋಡೆಯಿಂದ ಬಿದ್ದಿದೆ, ಬಿದ್ದ ಏಟಿಗೆ ಗುಂಡಿ ಒತ್ತಿಕೊಂಡಿದೆ, ಬ್ರಶ್ಶು ತಿರುಗಿ ತನ್ನನ್ನು ತಾನೇ ಎಳೆದುಕೊಂಡು ಮಂಚದ ಕಂಬಳಿಯ ಗೊಂಡೆ ಜಗಿದು ಬಂದಿದೆ, ಈಗ ಹೊಟ್ಟೆ ತುಂಬ ಹಿಟ್ಟು ಕಟ್ಟಿಕೊಂಡು ನಿಂತಿದೆ. ಹೇಳಲು ಬಾಯಿ ತೆರೆದೆ. ಅನುಸೂಯಾ ನನ್ನನ್ನು ನೋಡಿದಳು. ಬಾಯಿ ಮುಚ್ಚಿದೆ.

ಬಾಗಿಲು ತೆರೆದರು. ಹಿಟ್ಟಿನ ನಡುವೆ ಗೇಣಗಲದ ಶುಭ್ರವಾದ ದಾರಿ. ಅದು ಗೋಡೆಯಿಂದ ಹೊರಟು, ಮಂಚದ ಕೆಳಗೆ ಹೋಗಿ, ಚಹಾದ ಬಟ್ಟಲ ಹತ್ತಿರ ಬಂದು, ಅದನ್ನು ಒಂದು ಸುತ್ತು ಹಾಕಿ, ನೇರ ಹೊಸ್ತಿಲಿಗೆ ಬಂದಿತ್ತು. ಹೊಸ್ತಿಲ ಮೇಲೆ ಮೂಗಿಟ್ಟು ನನ್ನ ಮಷೀನು ಬೋರಲು ಮಲಗಿತ್ತು. ಅದರ ಹೊಟ್ಟೆಯ ತುಂಬ ಹಿಟ್ಟು. ಬಟ್ಟಲಿನ ಚಹಾ ಒಂದು ಹನಿಯೂ ತುಳುಕಿರಲಿಲ್ಲ.

ಎಲ್ಲರೂ ಮಷೀನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ತಿಮ್ಮಣ್ಣನವರು ಬಗ್ಗಿ ದಾರಿಯನ್ನೆಲ್ಲ ಓದಿ ಎದ್ದರು.

"ಮಾಸ್ತರ, ಇದು ಗ್ವಾಡಿಮ್ಯಾಲಿಂದ ಹೆಂಗ ಇಳೀತು? ಸ್ಕ್ರೂ ಸಡ್ಲ ಇದ್ವೇನು?"

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಸ್ಕ್ರೂ ಸಡಿಲವಿದ್ದವು ಅಂದರೆ ವಿಜ್ಞಾನ ಗೆಲ್ಲುತ್ತದೆ. ಅತ್ತೆಗೆ ಸಿಕ್ಕ ಸಮಾಧಾನ ಬ್ಯಾಟರಿಯ ಪಾಲಾಗುತ್ತದೆ. ಇಷ್ಟು ವರ್ಷ ಮಕ್ಕಳಿಗೆ ದೆವ್ವವಿಲ್ಲ, ಭೂತವಿಲ್ಲ ಎಂದು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದವನು ನಾನು.

"ಇಲ್ಲರಿ," ಎಂದೆ. "ಸ್ಕ್ರೂ ಗಟ್ಟಿ ಅದಾವು. ಹಂಗ ಬೀಳೂವಂಥವಲ್ಲ."

ಬೀಗರೆಲ್ಲ ಕೈ ಮುಗಿದರು. ಅತ್ತೆ ಅವತ್ತು ಮಧ್ಯಾಹ್ನ ಎರಡು ರೊಟ್ಟಿ ಉಂಡರು. ಆದರೆ ನನ್ನ ಮಷೀನಿನ ಕಥೆ ಅಲ್ಲಿಗೆ ಮುಗಿಯಿತು. ಮಾವನವರು ನಡೆದ ಹಿಟ್ಟನ್ನು ಕಸದ ಗಾಡಿಗೆ ಹಾಕುವಂತಿಲ್ಲವೆಂದು ನೀರಿಗೆ ಬಿಡಲು ಮಷೀನಿನ ಹೊಟ್ಟೆಯ ಡಬ್ಬಿಯನ್ನು ಬಾಳೆ ಎಲೆಯಲ್ಲಿಟ್ಟು ಕಾಲುವೆಗೆ ಒಯ್ದರು. ನಾನು ಹಿಂದಿನಿಂದ ಬರಿಗಾಲಲ್ಲಿ ನಡೆದೆ. ದಾರಿಯಲ್ಲಿ ನಜೀಬ ಎದುರಾಗಿ, ಸರ್ ಮಷೀನ್ ಹೆಂಗೈತಿ ಎಂದು ಕೇಳಿದ. ನಾನು ಮುಂದಿನ ಡಬ್ಬಿಯ ಕಡೆ ಕೈ ತೋರಿಸಿದೆ. ಅವನು ಪಾಪ ಚಪ್ಪಲಿ ಬಿಟ್ಟು ನಿಂತ.

ಬೀಗರು ಹೋದ ಮೇಲೆ ಒಂದು ಭಾನುವಾರ ಧೈರ್ಯ ಮಾಡಿ, ಖಾಲಿ ಡಬ್ಬಿಯನ್ನು ಮತ್ತೆ ಸಿಕ್ಕಿಸಿ, ಮಷೀನು ಎತ್ತಿಕೊಂಡು ಬಚ್ಚಲ ಕಡೆ ಹೊರಟೆ. ಅನುಸೂಯಾ ಅಡ್ಡ ನಿಂತಳು. "ನಮ್ಮ ಅಪ್ಪನ್ನ ಹಿಡಕೊಂಡು ಬಚ್ಚಲ ಮುಂದಿನ ಕಸ ಬಳಿತೀರೇನ್ರಿ?" ಎಂದಳು. ದನಿಯಲ್ಲಿ ತಮಾಷೆ ಎಷ್ಟು, ನಿಜ ಎಷ್ಟು ಎಂದು ಇವತ್ತಿಗೂ ಬಗೆಹರಿದಿಲ್ಲ. ಮಷೀನನ್ನು ಅದರ ಜಾಗಕ್ಕೇ ನೇತುಹಾಕಿದೆ. ಅಂದಿನಿಂದ ಮನೆಯ ಕಸ ಗುಡಿಸುವುದು ನನ್ನ ಪಾಲಿಗೆ ಬಂದಿದೆ, ಮೊದಲಿನಂತೆ ಪೊರಕೆಯಲ್ಲಿ.

ಮೊನ್ನೆ ಸಂಜೆ ಅತ್ತೆ ಶೇಂಗಾ ಬಿಡಿಸುತ್ತ ಕೂತಿದ್ದರು. ನಾನು ಗುಡಿಸುತ್ತ ಅವರ ಹತ್ತಿರ ಬಂದೆ. ಅವರು ಕಾಲು ಎತ್ತಿಕೊಟ್ಟು, ತಲೆ ಎತ್ತದೆ ಹೇಳಿದರು.

"ಅಳಿಯಾರ, ಅವತ್ತ ಸ್ಕ್ರೂ ಸಡ್ಲ ಇದ್ವು. ನೀವು ಬಡಿಯುವಾಗ ಉದುರಿದ ಗ್ವಾಡಿಮಣ್ಣು ನಾನ ಬಳದೇನಿ."

ಪೊರಕೆ ನನ್ನ ಕೈಯಲ್ಲೇ ನಿಂತಿತು. ಹಾಗಾದರೆ ಅವತ್ತು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನನ್ನ ಸಲುವಾಗಿ ಸುಳ್ಳ ಹೇಳಾಕತ್ತಿದ್ರಿ. ನಡುವ ನಾ ಯಾಕ ಬಾಯಿ ಹಾಕ್ಲಿ?"

ನನಗೆ ಎಂಥ ನಿರಾಳವಾಯಿತು ಅನ್ನುತ್ತೀರಿ! ಅತ್ತೆಗೂ ಗೊತ್ತು, ನನಗೂ ಗೊತ್ತು. ಇನ್ನು ಮಷೀನು ಬರೀ ಮಷೀನು. ನಾಳೆಯಿಂದ ಪೊರಕೆಗೆ ರಜೆ ಕೊಡಬಹುದು. ಹಾಗೆಂದು ಹೇಳಿಯೂಬಿಟ್ಟೆ. ಅತ್ತೆ ಒಂದು ಕಾಯಿ ಒಡೆದು ಬೀಜವನ್ನು ಬುಟ್ಟಿಗೆ ಹಾಕಿದರು.

"ಮಷೀನ ಬಿದ್ದದ್ದು ಆಮ್ಯಾಲ, ಅಳಿಯಾರ. ನೀವು ಹಿತ್ತಲದಾಗಿದ್ರಿ. ಉಸಿರು ಅದಕ್ಕಿಂತ ಮೊದಲ ಕೇಳಾಕತ್ತಿತ್ತು. ನನಗ ಎಚ್ಚರಾಗಿದ್ದ ಅದಕ್ಕ."

ಅತ್ತೆ ಶೇಂಗಾ ಬಿಡಿಸುವುದನ್ನು ಮುಂದುವರಿಸಿದರು. ಮೊದಲು ಆ ಮಷೀನಿನ ಬ್ಯಾಟರಿ ಕಳಚಿಟ್ಟುಬಿಡೋಣ ಎಂದು ಪೊರಕೆ ಕೆಳಗಿಟ್ಟು ಮಾವನವರ ಕೋಣೆಯ ತನಕ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಕತ್ತಲು, ಗೋಡೆಯ ಮೇಲೆ ಕೆಂಪು ದೀಪ. ನಾನು ಹೊಸ್ತಿಲ ಹೊರಗೇ ನಿಂತು, ಮೊಣಕಾಲ ಮೇಲೆ ಎತ್ತಿಕಟ್ಟಿದ್ದ ಲುಂಗಿಯನ್ನು ಪಾದದ ತನಕ ಇಳಿಬಿಟ್ಟು, ಒಮ್ಮೆ ಕೆಮ್ಮಿ ಕೇಳಿದೆ:

"ಒಳಗ ಬರಲೇನ್ರಿ, ಮಾವಾರ?"