ಕೂದಲಿಗೆ ಸೂಜಿ

ನಮ್ಮೂರ ಹೆಂಗಸರೆಲ್ಲರ ಜುಟ್ಟೂ ಒಬ್ಬಳ ಕೈಯಲ್ಲಿತ್ತು. ಬರೀ ಮಾತಿಗೆ ಹೇಳಿದ್ದು ಅಂದುಕೊಳ್ಳಬೇಡಿ, ನಿಜವಾಗಿಯೂ ಇತ್ತು, ಒಂದು ಗೋಣಿಚೀಲದೊಳಗೆ!

ತಲೆ ಬಾಚುವಾಗ ಉದುರಿದ ಕೂದಲು ಕೊಟ್ಟರೆ ಸೂಜಿ, ಪಿನ್ನು, ಮಣಿ ಕೊಡುವುದು ಅವಳ ವ್ಯಾಪಾರ. ಯುದ್ಧದ ಕಾಲ. ಹೊಸೂರಿನ ಅಂಗಡಿಯಲ್ಲೇ ಸೂಜಿ ಸಿಗದಿದ್ದಾಗ ಇವಳಿಗೆ ಮಾತ್ರ ಎಲ್ಲಿಂದ ಸಿಗುತ್ತಿತ್ತೋ! ನಾವೆಲ್ಲ ಕೂದಲನ್ನು ಉಂಡೆ ಕಟ್ಟಿ, ಗೋಡೆಯ ಸಂದಿಗೆ ತುರುಕಿ, ಅವಳ ದಾರಿ ಕಾಯುತ್ತಿದ್ದೆವು.

"ಜುಟ್ಟಿಯ್ಯಂಡಮ್ಮಾ, ಸೂದುಲು ತೀಸ್ಕೋಂಡಿ!" ಎಂದು, ಜುಟ್ಟು ಕೊಟ್ಟು ಸೂಜಿ ತಗೊಳ್ಳಿರೆಂದು, ಅವಳು ತೆಲುಗಿನಲ್ಲಿ ಕೂಗಿದರೆ ಸಾಕು, ಜಗಲಿಯಲ್ಲಿದ್ದ ತಾತ ತಲೆಗೆ ಟವಲು ಸುತ್ತಿಕೊಂಡು ಒಳಗೆ ಓಡುತ್ತಿದ್ದರು. ತೆಲುಗಿನಲ್ಲಿ ಜುಟ್ಟೆಂದರೆ ಬರೀ ಕೂದಲು ಎಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ಆದರೆ ತಮ್ಮ ಜುಟ್ಟಿನ ವಿಷಯದಲ್ಲಿ ಅವರು ಯಾರನ್ನೂ ನಂಬುತ್ತಿರಲಿಲ್ಲ.

"ನಮ್ ಮಾವನ ಜುಟ್ಟಿಗೆ ಎಷ್ಟು ಸೂಜಿ ಕೊಡ್ತೀಯೆ?" ಎಂದು ಅಮ್ಮ ಒಮ್ಮೆ ತಮಾಷೆಗೆ ಕೇಳಿದಳು.

ಅವಳು ಬಾಗಿಲಿನಿಂದ ಇಣುಕಿ ನೋಡಿ, "ಒಂದು ಕೊಡ್ತೀನಿ ಕಣವ್ವಾ. ಆದ್ರೆ ಅದ್ಕೆ ಕಣ್ಣಿರಲ್ಲ!" ಎಂದಳು. ಒಳಗಿನಿಂದ ತಾತನ ಬೈಗುಳ ಕೇಳಿಸಿತು.

ಪಕ್ಕದ ಮನೆಯಾಕೆ ಇನ್ನೊಮ್ಮೆ ಉಂಡೆಯೊಳಗೆ ಎಮ್ಮೆ ಬಾಲದ ಕೂದಲು ಸೇರಿಸಿ ಕೊಟ್ಟಳು. ಇವಳು ಅದನ್ನು ಮೂಸಿ ನೋಡಿ, "ಇವ್ರು ಹೊತ್ತಿಗೆ ಎಷ್ಟು ಹಾಲು ಕೊಡ್ತಾರವ್ವಾ?" ಎಂದುಬಿಟ್ಟಳು!

ಆ ವರ್ಷ ನನ್ನ ಅಕ್ಕನಿಗೆ ಸೋದರಮಾವನ ಮಗನ ಜೊತೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ವಿಷಮಜ್ವರ ಬಂದು, ಅವಳ ದಪ್ಪ ಜಡೆ ಇಲಿಬಾಲದಂತಾಯಿತು. ಈ ತಲೆ ಹೊತ್ತು ಹಸೆಮಣೆ ಏರುವುದಿಲ್ಲ ಎಂದು ಅಕ್ಕ ಹಠ ಹಿಡಿದು ಒಳಗೇ ಕೂತಳು. ಮದುವೆ ಹತ್ತಿರ ಬಂದರೂ ಅವಳು ಜಪ್ಪಯ್ಯ ಅನ್ನಲಿಲ್ಲ.

ಕೂದಲಿನವಳು ಬಂದಾಗ ಅಮ್ಮ ಅಕ್ಕನ ಕೂದಲಿನ ರಾಶಿಯನ್ನು ಅವಳ ಮುಂದಿಟ್ಟು ಅತ್ತಳು. ಅವಳು ಸೂಜಿಯ ಡಬ್ಬಿ ತೆರೆಯಲೇ ಇಲ್ಲ. ಆ ರಾಶಿಯ ಜೊತೆಗೆ ತನ್ನ ಗೋಣಿಚೀಲವನ್ನೂ ಸುರಿದುಕೊಂಡು, ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಕೂತು, ಸಿಕ್ಕು ಬಿಡಿಸಿ, ಉದ್ದುದ್ದ ಎಳೆ ಆರಿಸಿ, ಜಡೆಗೆ ಸೇರಿಸುವ ಚೌರಿ ಕಟ್ಟಿದಳು.

"ಯಾರ್ಯಾರ್ದೋ ಕೂದ್ಲು ನಂಗೆ ಬೇಡ!" ಎಂದಳು ಅಕ್ಕ ಬಾಗಿಲ ಹಿಂದಿನಿಂದ.

"ಯಾರ್ಯಾರ್ದೋ ಯಾಕಾಗ್ತದೆ ಮಗಾ? ಗುಮ್ಮಳಾಪುರದಿಂದ ಸಾನಮಾವಿನ ಗಂಟ ಇರೋ ಮುತ್ತೈದೇರ್ದು. ಅವ್ರೆಲ್ಲಾ ನಿನ್ ಮದ್ವೇಗೆ ಬಂದ್ರೆ ನಿಮ್ಮಪ್ಪ ಊಟಕ್ಕಿಕ್ಕಕ್ಕಾಯ್ತದಾ? ಅದ್ಕೇ ಬರೀ ಕೂದ್ಲು ಕಳ್ಸವ್ರೆ!"

ಜ್ವರ ಬಿಟ್ಟ ಮೇಲೆ ಅಕ್ಕ ನಕ್ಕದ್ದು ಅಂದೇ. ಹೊರಗೆ ಬಂದು, ಅವಳಿಗೆ ಬೆನ್ನು ಕೊಟ್ಟು ಕೂತಳು.

ಅಷ್ಟು ಹೊತ್ತೂ ಒಂದೇ ಸಮ ಹರಟುತ್ತಿದ್ದವಳು ಅಕ್ಕನ ತಲೆ ಮುಟ್ಟಿದ್ದೇ ತಡ, ಹರಟೆ ಮರೆತು ಅದನ್ನು ಸವರತೊಡಗಿದಳು. ಊರೂರಿನ ಉದುರಿದ ಕೂದಲನ್ನಷ್ಟೇ ಮುಟ್ಟುತ್ತಿದ್ದ ಕೈಗೆ ಬಾಚಲು ಒಂದು ತಲೆ ಸಿಕ್ಕಿ ಎಷ್ಟು ಕಾಲವಾಗಿತ್ತೋ, ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಜಡೆ ಹೆಣೆದು ಮುಗಿಯುವವರೆಗೂ ಅದನ್ನು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಾಗಲಿಲ್ಲ.