ಭಾವನ ಪಬ್ ಯಾತ್ರೆ, ನನ್ನ ಕಾವಲು

ನಮ್ಮ ಭಾವನಷ್ಟು ಭಕ್ತಿಯಿಂದ ಪಬ್ಬಿಗೆ ಹೋದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಸ್ನಾನ ಮಾಡಿ, ಹಣೆಗೆ ಮೂರೆಳೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದರು. ಅದೂ ಎಲ್ಲಿಯ ಪಬ್ಬು? ನಾವಿರುವುದು ಸಿಂಗಾಪುರದಲ್ಲಿ. ಅವರಿಗೆ ಬೇಕಾದದ್ದು ಇಂಗ್ಲೆಂಡಿನ ಉತ್ತರದ ಹಳ್ಳಿಗಳಲ್ಲಿರುವ ಹಳೆಯ ಪಬ್ಬೇ! ಹದಿಮೂರು ತಾಸು ವಿಮಾನದಲ್ಲಿ ಕೂತು ಅಲ್ಲಿಗೆ ಹೋಗಿ ಅವರು ಕುಡಿದದ್ದು ಏನು ಗೊತ್ತೆ? ಲಿಂಬೆ ಶರಬತ್ತು ಬೆರೆಸಿದ ಸೋಡಾ!

ಎರಡನೆಯ ಪ್ರವಾಸಕ್ಕೆ ಇನ್ನು ಹದಿನೈದು ದಿನ ಇತ್ತು. ಆ ಭಾನುವಾರ ಅವರ ಮನೆಯಲ್ಲಿ ತಾಲೀಮು ನಡೆಯಿತು. ಈ ಸಲ ಜೊತೆಗೆ ಹೊರಟವಳು ನನ್ನ ಅಕ್ಕ, ಅಂದರೆ ಅವರ ಹೆಂಡತಿ. ಎಂಟನೆಯ ಮಹಡಿಯ ಮನೆ, ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಬೆವರು. ಅಕ್ಕ ಸೀರೆಯ ಮೇಲೆ ಹೊಸ ಉಣ್ಣೆಯ ಕೋಟು ತೊಟ್ಟು ನಿಂತಿದ್ದಳು. ಅಡುಗೆ ಮನೆಯ ಕಟ್ಟೆಯೇ ಪಬ್ಬಿನ ಕೌಂಟರು. ಅದರ ಹಿಂದೆ ಅವರ ಮಗಳು ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದಳು. ನಾನು ಗಿರಾಕಿ.

"ಅಲ್ಲಿ ಟೇಬಲ್ಲಿಗೆ ಯಾರೂ ಬಂದು ಕೇಳಂಗಿಲ್ಲ. ನಾವ ಎದ್ದು ಹೋಗಿ ಕೇಳಬೇಕು. ಕ್ಯೂ ಇರಂಗಿಲ್ಲ, ಆದ್ರ ಯಾರ ಮೊದಲ ಬಂದಾರ ಅಂತ ಎಲ್ಲಾರಿಗೂ ಗೊತ್ತಿರ್ತೈತಿ" ಎಂದು ಭಾವ ಪಾಠ ಮಾಡಿದರು.

ಅಕ್ಕ ಕಟ್ಟೆಗೆ ಬಂದು, "ಒಂದು ಚಾ ಕೊಡವಾ" ಎಂದಳು.

"ಅಮ್ಮಾ, ಮಾಮಾ ಫಸ್ಟ್ ಬಂದಿದ್ದಾರೆ ಲಾ! ವೇಟ್ ಮಾಡಿ" ಎಂದಳು ಮಗಳು, ಸಿಂಗಾಪುರದ ರಾಗದಲ್ಲಿ.

"ನಮ್ಮ ಮನ್ಯಾಗ ನಾನ ವೇಟ್ ಮಾಡಬೇಕೇನ?"

ಎಲ್ಲರೂ ನಕ್ಕೆವು. ಅಕ್ಕನ ಸರದಿ ಬಂತು. ಅವಳು ನೇರವಾಗಿ ನಿಂತು, ಕಲಿಸಿದ ಹಾಗೆ ಹೇಳಿದಳು: "ನನಗ ಒಂದು ಚಾ. ಇವರಿಗೆ ಲೈಮ್ ಸೋಡಾ." ಆಮೇಲೆ, ಕಲಿಸದೆ ಇದ್ದದ್ದನ್ನೂ ಹೇಳಿದಳು: "ಮೈಮ್ಯಾಲೆ ಚೆಲ್ಲಬ್ಯಾಡ್ರಿ ಮತ್ತ."

ನಗು ನಿಂತಿತು. ಮಗಳು ಟವೆಲ್ ತೆಗೆದು ಕಟ್ಟೆ ಒರೆಸತೊಡಗಿದಳು. ಒರೆಸಲು ಅಲ್ಲೇನೂ ಇರಲಿಲ್ಲ. ಭಾವ ಒಬ್ಬರೇ ಇನ್ನೊಂದು ಸ್ವಲ್ಪ ನಕ್ಕು, "ಪಾಸಾದಿ ಬಿಡು" ಎಂದರು. ನಾನು ಬಾಯಿ ತೆರೆದೆ. ಹೇಳಬೇಕಾದದ್ದು ನನ್ನ ಹತ್ತಿರವೇ ಇತ್ತು. ತೆರೆದ ಬಾಯಿಯಲ್ಲಿ, "ಇನ್ನೊಂದು ಕಪ್ ಚಾ ಸಿಗತೈತೇನು?" ಎಂದು ಕೇಳಿದೆ!

ಅದು ನಮ್ಮ ಕೊನೆಯ ಸಾಧಾರಣ ದಿನ. ಅಕ್ಕನ ಆ ಮಾತು ಯಾಕೆ ಚುಚ್ಚಿತು ಎಂದು ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು.

ಭಾವ ಇಪ್ಪತ್ತು ವರ್ಷ ಕುಡಿದವರು. ಊರಲ್ಲಿ ಶುರುವಾದದ್ದು ಸಿಂಗಾಪುರಕ್ಕೆ ಬಂದ ಮೇಲೂ ನಡೆಯಿತು. ಪ್ರತಿ ಸಲ ಅಕ್ಕ ಬಾಗಿಲು ತೆರೆದಾಗ ಅವರ ಹತ್ತಿರ ಒಂದೇ ಉತ್ತರ: "ನಾ ಕುಡದಿಲ್ಲ. ಯಾರೋ ಮೈಮ್ಯಾಲೆ ಚೆಲ್ಲಿದ್ರು." ಇಪ್ಪತ್ತು ವರ್ಷ ಒಬ್ಬ ಮನುಷ್ಯನ ಮೈಮೇಲೆ ಇಷ್ಟು ಜನ ಚೆಲ್ಲುತ್ತಾರೆಯೆ? ಬಾರಿನವರೆಲ್ಲ ಇವರ ದಾರಿ ಕಾಯುತ್ತಿದ್ದರೇನು? ಕೊನೆಗೆ ಲಿವರ್ ಕೈಕೊಟ್ಟಿತು. ಇನ್ನೊಂದು ಗ್ಲಾಸು ಕುಡಿದರೆ ನಾನು ಜವಾಬ್ದಾರನಲ್ಲ ಎಂದರು ಡಾಕ್ಟರು. ಭಾವ ಅವತ್ತೇ ಬಿಟ್ಟರು. ಬಿಟ್ಟು ಹನ್ನೊಂದು ವರ್ಷ ಆಗಿತ್ತು.

ಬಿಟ್ಟ ಮೇಲೆ ಹಿಡಿದದ್ದು ಈ ಪಬ್ಬಿನ ಹುಚ್ಚು! ಪಾಸಿರ್ ಪಂಜಾಂಗ್‌ನ ಬಂದರಿನಲ್ಲಿದ್ದ ಅವರ ಹಡಗು ಕಂಪನಿಯ ಆಫೀಸಿನಲ್ಲಿ ಯಾರ್ಕ್‌ಶೈರ್ ಕಡೆಯ ಒಬ್ಬ ಹಿರಿಯರಿದ್ದರಂತೆ. ಊಟದ ಹೊತ್ತಿನಲ್ಲಿ ತಮ್ಮ ಹಳ್ಳಿಯ ಪಬ್ಬಿನ ವಿಷಯ ಹೇಳುತ್ತಿದ್ದರಂತೆ. ಅಲ್ಲಿ ಅಗ್ಗಿಷ್ಟಿಕೆ ಇರುತ್ತದೆ, ನಾಯಿ ಮಲಗಿರುತ್ತದೆ, ಅಜ್ಜಿ ಸ್ವೆಟರ್ ಹೆಣೆಯುತ್ತಿರುತ್ತಾಳೆ, ಮಕ್ಕಳು ಊಟ ಮಾಡುತ್ತಿರುತ್ತಾರೆ. ಭಾವನಿಗೆ ನಂಬಿಕೆಯಾಗಲಿಲ್ಲ. ಅವರು ಕಂಡ ಬಾರಿನಲ್ಲಿ ಕಿಟಕಿಗೆ ಕಪ್ಪು ಪರದೆ ಇತ್ತು. ಗಿರಾಕಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

"ಇಪ್ಪತ್ತು ವರ್ಷ ತಪ್ಪು ಜಾಗಾದಾಗ ಕುಡದೀನಿ. ಖರೇ ಜಾಗಾ ಹೆಂಗಿರ್ತೈತಿ ಒಮ್ಮೆ ನೋಡಿ ಬರ್ತೀನಿ" ಎಂದರು.

"ನೋಡಾಕ ಹೋಗಿ ಕುಡದ್ರ?" ಎಂದಳು ಅಕ್ಕ.

"ನಿನ್ನ ತಮ್ಮನ್ನ ಕಾವಲಾ ಕಳಸು."

ಹಾಗೆ ಸಿಂಗಾಪುರದ ಉಬಿ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುವ ನಾನು, ಇಂಗ್ಲೆಂಡಿನಲ್ಲಿ ಭಾವನ ಗ್ಲಾಸು ಮೂಸುವ ಕೆಲಸಕ್ಕೆ ನೇಮಕವಾದೆ. ಅಲ್ಲಿಯ ಮಧ್ಯಾಹ್ನ ಹನ್ನೆರಡಕ್ಕೆ, ಇಲ್ಲಿ ಅಕ್ಕನ ದೀಪ ಹಚ್ಚುವ ಹೊತ್ತಿಗೆ, ದಿನಾ ಫೋನು ಮಾಡಬೇಕು. ಏನಾದರೂ ನಡೆದರೆ ಆ ಕ್ಷಣವೇ ತಿಳಿಸಬೇಕು.

ಮೊದಲ ಪಬ್ಬಿನ ಬಾಗಿಲನ್ನು ನಾನೇ ತಳ್ಳಿದೆ. ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ. ಭಾವ ಒಂದು ಗಳಿಗೆ ನಿಂತರು. ಅವರ ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ನೋಡಿದೆ. ಕೌಂಟರಿನ ಹೆಂಗಸು, "ಏನು ಕೊಡಲಿ?" ಎಂದಳು. ಭಾವ ಬಿಯರು ಎಳೆಯುವ ಮರದ ಹಿಡಿಯ ನಾಲ್ಕು ಪಂಪುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ಲೈಮ್ ಅಂಡ್ ಸೋಡಾ" ಎಂದರು.

"ಅಷ್ಟೇನಾ?"

"ನನ್ನ ಪಾಲಿನದನ್ನು ಮೊದಲೇ ಕುಡಿದು ಮುಗಿಸಿದ್ದೇನೆ ತಾಯಿ."

ಆಕೆ ನಕ್ಕು ಬಿಟ್ಟಿದ್ದರೆ ಚೆನ್ನಾಗಿತ್ತು. ದೂರದಿಂದ ಬಂದಿದ್ದೀರಿ, ರುಚಿಯಾದರೂ ನೋಡಿ ಎಂದು ಬೆರಳುದ್ದದ ಗ್ಲಾಸಿನಲ್ಲಿ ಸ್ವಲ್ಪ ಬಿಯರು ಹಿಡಿದು ಮುಂದಿಟ್ಟಳು. ಅಲ್ಲಿ ಅದು ಮರ್ಯಾದೆಯಂತೆ. ಭಾವ ಗ್ಲಾಸನ್ನು ಎತ್ತಿದರು. ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದರು. ಹನ್ನೊಂದು ವರ್ಷ ಆ ಬೆರಳುದ್ದದ ಗ್ಲಾಸಿನ ಅಂಚಿನಲ್ಲಿ ಕೂತಿತ್ತು. ಅವರು ನನ್ನ ಕಡೆ ತಿರುಗಿ, "ನೀ ಕುಡಿ ತಮ್ಮಾ. ಹೆಂಗೈತಿ ಹೇಳು" ಎಂದರು.

ಬೇಡವೆಂದರೆ ಆಕೆಗೆ ಅವಮಾನ, ಇಟ್ಟರೆ ಭಾವನಿಗೆ ಅಪಾಯ. ಒಂದೇ ಗುಟುಕಿಗೆ ಕುಡಿದೆ. ಆಗಲೇ ಕಿಸೆಯಲ್ಲಿ ಅಕ್ಕನ ಫೋನು! "ಕುಡದ್ರೇನು?" ಎಂದಳು. "ಅವರು ಕುಡದಿಲ್ಲ" ಎಂದೆ. ಆ ಊರಿನಲ್ಲಿ ಅವತ್ತು ಕುಡಿದ ಕನ್ನಡಿಗನೆಂದರೆ ಕಾವಲುಗಾರ ಒಬ್ಬನೇ.

ನಾಲ್ಕನೆಯ ದಿನ ಗುಡ್ಡಗಳ ನಡುವಿನ ಒಂದು ಹಳ್ಳಿಗೆ ಹೋದೆವು. ಕಲ್ಲಿನ ಪಬ್ಬು, ತಲೆ ತಾಗುವ ತೊಲೆ, ಉರಿಯುವ ಬೆಂಕಿ. ಭಾವನ ಕಣ್ಣು ಬೆಂಕಿಯ ಪಕ್ಕದ ಖಾಲಿ ಕುರ್ಚಿಯ ಮೇಲೆ ಬಿತ್ತು. ಸಿಂಗಾಪುರದಲ್ಲಿ ಇಷ್ಟು ವರ್ಷ ಬಾಳಿದ ಮನುಷ್ಯ ಆಗ ಏನು ಮಾಡುತ್ತಾನೆ? ಸಾಲು ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ನಾವೆಲ್ಲ ಮಾಡುವುದನ್ನೇ ಮಾಡಿದರು. ಕಿಸೆಯಿಂದ ಟಿಶ್ಯೂ ಪ್ಯಾಕೆಟ್ ತೆಗೆದು ಕುರ್ಚಿಯ ಮೇಲಿಟ್ಟು, ಜಾಗ ಹಿಡಿದ ನಿಶ್ಚಿಂತೆಯಲ್ಲಿ ಕೌಂಟರಿಗೆ ಹೋದರು. ನಮ್ಮಲ್ಲಾದರೆ ಆ ಪ್ಯಾಕೆಟ್ಟಿಗೆ ಮಂತ್ರಿಯೂ ಹೆದರುತ್ತಾನೆ!

ತಿರುಗಿ ಬಂದಾಗ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ. ಕಾಲಬುಡದಲ್ಲಿ ಕರುವಿನಷ್ಟು ದೊಡ್ಡ ನಾಯಿ. ಮುದುಕ ಪ್ಯಾಕೆಟ್ ಒಡೆದು, ಮೂಗು ಸೀನಿಕೊಂಡು, "ನೆಗಡಿಯಾಗಿದೆ ಎಂದು ಹೇಗೆ ತಿಳಿಯಿತು? ದೊಡ್ಡ ಉಪಕಾರ" ಎಂದ. ಆ ಕುರ್ಚಿಯಲ್ಲಿ ಅವನು ನಲವತ್ತು ವರ್ಷದಿಂದ ಕೂರುತ್ತಿದ್ದನಂತೆ.

ಭಾವನಿಗೆ ಅವನು ಬಹಳ ಹಿಡಿಸಿದ. ಮುದುಕ ಅವರ ಹಣೆ ನೋಡಿ, ಗೋಡೆಗೆ ಬಾಣ ಎಸೆಯುವ ಆಟದ ಸ್ಕೋರು ಬರೆಯುವ ಸೀಮೆಸುಣ್ಣ ಮೆತ್ತಿಕೊಂಡಿದೆ ಎಂದ. ಭಾವ ವಿಭೂತಿ ಮುಟ್ಟಿಕೊಂಡು, "ಇಲ್ಲ, ನಮ್ಮಲ್ಲಿ ಸ್ಕೋರನ್ನು ಹಣೆಯ ಮೇಲೇ ಬರೆಯುತ್ತೇವೆ. ಸದ್ಯ ಮೂರಾಗಿದೆ" ಎಂದರು. ಮುದುಕ ನಕ್ಕ ಸದ್ದಿಗೆ ನಾಯಿ ಎದ್ದು ನಿಂತಿತು.

ಹನ್ನೆರಡು ಹೊಡೆಯಿತು. ಒಳಗೆ ಸಿಗ್ನಲ್ ಇರಲಿಲ್ಲ. ಭಾವನನ್ನು ಬಿಟ್ಟು ಹೋಗಲೋ ಬೇಡವೋ ಎಂದು ಎರಡು ಸಲ ಬಾಗಿಲ ತನಕ ಹೋಗಿ ಬಂದೆ. ಕೊನೆಗೆ ಚರ್ಚಿನ ಗೋಡೆಯ ತನಕ ಓಡಿದೆ. ಎಲ್ಲ ಸರಿ ಇದೆ ಎಂದು ಅಕ್ಕನಿಗೆ ಹೇಳಿ ಓಡಿಯೇ ಬಂದೆ. ಹೋಗಿ ಬಂದದ್ದು ಹತ್ತು ನಿಮಿಷ.

ಮುದುಕನೂ ಇಲ್ಲ, ನಾಯಿಯೂ ಇಲ್ಲ. ಭಾವ ಒಬ್ಬರೇ ಕೂತಿದ್ದರು. ಅವರ ಮುಂದೆ ದೊಡ್ಡದೊಂದು ಖಾಲಿ ಬಿಯರ್ ಗ್ಲಾಸು. ಅವರ ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡು ಎದ್ದರು. ಎದ್ದವರು ಮೇಜು ಹಿಡಿದುಕೊಂಡರು. ನಾನು ಅವರ ಕಪ್ಪು ಕೋಟಿನ ಹತ್ತಿರ ಮೂಗು ಒಯ್ದೆ. ಬಿಯರು.

ನಾನು ಮೂಸಿದ್ದನ್ನು ಅವರು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಮುಚ್ಚಿಕೊಂಡು, "ಹೋಗೂಣೇನು?" ಎಂದರು.

ನಾವು ಉಳಿದುಕೊಂಡಿದ್ದ ಮನೆ ಗುಡ್ಡದ ಮೇಲಿತ್ತು. ದಾರಿಯುದ್ದಕ್ಕೂ ಅವರು ನನ್ನ ಹಿಂದೆ ಬಂದರು. ಸಿಗ್ನಲ್ ಬಂದ ಕೂಡಲೇ ನಾನು ಹತ್ತು ಹೆಜ್ಜೆ ಮುಂದೆ ಹೋಗಿ ಅಕ್ಕನಿಗೆ ಫೋನು ಮಾಡಿದೆ. "ಕುಡದಾರ" ಎಂದೆ. ಅಕ್ಕ ಅಳಲಿಲ್ಲ. "ಹೂಂ" ಎಂದು ಫೋನು ಇಟ್ಟಳು.

ಮರುದಿನ ಬೆಳಿಗ್ಗೆ ಭಾವನ ಮಫ್ಲರು ಪಬ್ಬಿನಲ್ಲೇ ಉಳಿದಿದೆ ಎಂದು ಗೊತ್ತಾಯಿತು. ತರಲು ನಾನೊಬ್ಬನೇ ಹೋದೆ. ಪಬ್ಬಿನ ಒಡತಿ ನೆಲ ಒರೆಸುತ್ತಿದ್ದಳು. ನನ್ನನ್ನು ಕಂಡವಳೇ ಕೇಳಿದಳು: "ನಿಮ್ಮವರ ಕೋಟು ಒಣಗಿತೆ? ಆ ನಾಯಿಯ ಬಾಲವೋ, ಒನಕೆಯೋ! ಮುದುಕನ ಒಂದು ಗ್ಲಾಸು ಬಿಯರು ಪೂರ್ತಿ ಅವರ ಮೈಮೇಲೆ ಕೆಡವಿತು. ಪಾಪ, ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮುದುಕ ಟವೆಲ್ ತರಲು ಮನೆಗೆ ಓಡಿದ. ಅವನು ಬರುವಷ್ಟರಲ್ಲಿ ನೀವು ಹೋಗಿಬಿಟ್ಟಿರಿ."

ಇಪ್ಪತ್ತು ವರ್ಷ ಸುಳ್ಳಾಗಿದ್ದ ಮಾತು ಅವತ್ತು ಮೊದಲ ಸಲ ನಿಜವಾಗಿತ್ತು. ಅದನ್ನು ಅವರು ಹೇಗೆ ಹೇಳಿಯಾರು?

ಚರ್ಚಿನ ಗೋಡೆಯ ಹತ್ತಿರ ನಿಂತು ಅಕ್ಕನಿಗೆ ಮತ್ತೆ ಫೋನು ಮಾಡಿದೆ. ನಾಯಿ, ಬಾಲ, ಟವೆಲ್ ಎಲ್ಲ ಹೇಳಿದೆ.

"ಚೆಲ್ಲಿತಂತ?" ಎಂದಳು ಅಕ್ಕ. "ಅವರು ಮೊದಲ ಮನಶ್ಯಾರ ಮ್ಯಾಲೆ ಹಾಕತಿದ್ರು. ಈಗ ನಾಯಿ ಮ್ಯಾಲೆ ಹಾಕ್ಯಾರ. ನೀನೂ ಅವರ ಕಡೆ ಸೇರಿದೇನು?"

ಮಫ್ಲರು ಕೊಟ್ಟಾಗ ಭಾವ, "ಸಿಕ್ತೇನು?" ಎಂದರು. "ಸಿಕ್ತು" ಎಂದೆ. ತಪ್ಪಾಯಿತು ಎನ್ನಲು ಅದಾದ ಮೇಲೆ ಮೂರು ದಿನ ಇತ್ತು, ಹದಿಮೂರು ತಾಸಿನ ವಿಮಾನ ಇತ್ತು. ವಿಮಾನದಲ್ಲಿ ಇಬ್ಬರೂ ಕಣ್ಣು ಮುಚ್ಚಿಕೊಂಡು ಎಚ್ಚರವಾಗಿದ್ದೆವು.

ಬಂದ ವಾರವೇ ಅಕ್ಕ ಅವರನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋದಳು. ಭಾವ ತೋಳು ಚಾಚಿದರು. ಲಿವರ್ ಚೆನ್ನಾಗಿದೆ ಎಂದು ಬಂತು. "ಒಂದ ದಿನ ಕುಡದ್ದು ಅದರಾಗ ಕಾಣಂಗಿಲ್ಲ" ಎಂದಳು ಅಕ್ಕ! ಆಮೇಲೆ ಜಗಳವಿಲ್ಲ. ಚಾ ಕೊಡುವಳು, ಊಟಕ್ಕೆ ಕರೆಯುವಳು. ಭಾವ ಹೊರಗಿನಿಂದ ಬಂದಾಗ ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲುವಳು. ಮೂಸುತ್ತಿದ್ದಾಳೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಎರಡು ತಿಂಗಳು ಹೀಗೆ ನಡೆದ ಮೇಲೆ ಭಾವ ಅಕ್ಕನ ಮುಂದೆ ಎರಡು ಟಿಕೆಟ್ ಇಟ್ಟರು. "ನಿನ್ನ ತಮ್ಮ ಬ್ಯಾಡ. ಈ ಸಲ ನೀನ ಬಂದು ನನ್ನ ಎದುರಿಗೆ ಕುಂದ್ರು. ನಿನ್ನ ಕಣ್ಣಿಲೆ ನೋಡು." ಹೂಂ ಎನ್ನಲು ಅಕ್ಕ ಒಂದು ವಾರ ತೆಗೆದುಕೊಂಡಳು. ಹೂಂ ಎಂದ ಮೇಲೆ ಕೋಟು ಬಂತು, ತಾಲೀಮು ಬಂತು, ಆ ಭಾನುವಾರ ಬಂತು.

ಸೋಮವಾರ ಬೆಳಿಗ್ಗೆ ಭಾವ ಎಂದಿನ ಬಸ್ಸಿನಲ್ಲಿ ಆಫೀಸಿಗೆ ಹೋದರು. ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಹಾಕಿದರಂತೆ. ಅದು ಶುರುವಾಗುವಷ್ಟರಲ್ಲಿ ಇವರ ಎದೆ ನಿಂತಿತ್ತು. ನನಗೆ ಫೋನು ಬಂದಾಗ ನಾನು ಸ್ಟೋರಿನಲ್ಲಿ ಬೋಲ್ಟಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದೆ. ಲಿವರ್ ಅಲ್ಲ, ಹೃದಯ ಎಂದರು ಡಾಕ್ಟರು. ಅಕ್ಕ ಎರಡು ಸಲ ಕೇಳಿದಳು: "ಲಿವರ್ ಅಲ್ಲೇನ್ರಿ? ಖರೇ?"

ಕೆಲವು ವಾರಗಳ ಮೇಲೆ ಒಂದು ಸಂಜೆ ನಾನು ಅಕ್ಕನ ಮನೆಗೆ ಹೋಗಿದ್ದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಆ ನಾಯಿದು ಇನ್ನೊಮ್ಮೆ ಹೇಳು."

ಹೇಳಿದೆ. ಟಿಶ್ಯೂ ಪ್ಯಾಕೆಟ್ಟಿನಿಂದ ಹಿಡಿದು ಹೇಳಿದೆ. ಮುದುಕ ಮೂಗು ಸೀನಿದಲ್ಲಿ ಅಕ್ಕ ನಕ್ಕಳು. ಹಣೆಯ ಸ್ಕೋರಿನ ಮಾತಿಗೆ, "ಹಂಗ ಅಂದ್ರೇನು? ಅವರ ಬಾಯಿ ಅಂದ್ರ!" ಎಂದಳು. ನಾಯಿಯ ಬಾಲ ಎಷ್ಟು ಉದ್ದ ಇತ್ತು ಎಂದು ಕೇಳಿದಳು. ಕೈ ಅಗಲಿಸಿ ತೋರಿಸಿದೆ. ಟವೆಲ್ ತರಲು ಹೋದ ಮುದುಕನ ತನಕ ಬಂದಾಗ ಅವಳ ಕೈ ನಿಂತಿತು.

"ಅಲ್ಲೋ ತಮ್ಮಾ," ಎಂದಳು, "ಮೈ ಎಲ್ಲಾ ತೊಯ್ದಿತ್ತಲ್ಲ. ಅಂಥಾ ಗಾಳ್ಯಾಗ ಗುಡ್ಡ ಏರಿ ಬಂದ್ರಿ. ಅವರಿಗೆ ಚಳಿ ಆಗಲಿಲ್ಲೇನು?"

ಆ ದಿನ ನಾನು ಅವರ ಕೋಟು ಮೂಸಿ ನೋಡಿದ್ದೆ. ಚಳಿ ಆಗುತ್ತಿದೆಯೇ ಎಂದು ಕೇಳಿರಲಿಲ್ಲ.